ಬಿಲ್ಲೆ ನಂಬರು ನಲವತ್ತೊಂದು

ಮಾತುಕತೆ ನಡೆಯುವುದು ಮೇಲಿನ ಮಹಡಿಯಲ್ಲಿ.
ನಾನಿರುವುದು ಕೆಳಗೆ, ಮೆಟ್ಟಿಲ ಬುಡದಲ್ಲಿ,
ಹಿತ್ತಾಳೆ ಗೂಟಗಳ ಸಾಲಿನ ಹಿಂದೆ.
ವಿಯೆನ್ನಾದ ಚಳಿ ಬಾಗಿಲು ದಾಟಿ ಬಂದು
ಮೊದಲು ನನ್ನ ಕೈಗೇ ಸಿಗುತ್ತದೆ, ತೋಳು ತೋಳಾಗಿ.

ಇಪ್ಪತ್ತಾರು ಚಳಿಗಾಲ ಕೋಟು ಕಾದಿದ್ದೇನೆ.
ಗಂಡಸರದು ಸುಲಭ:
ಕರಿದು, ಕರಿದು, ಕಡುನೀಲಿ, ಕರಿದು.
ಒಬ್ಬರದನ್ನೊಬ್ಬರು ತೊಟ್ಟು ಹೊರಟದ್ದುಂಟು,
ಅದರಿಂದ ಯಾವ ದೇಶದ ಗಡಿಯೂ ಅಲುಗಲಿಲ್ಲ.

ಹೆಂಗಸರ ಕೋಟಿಗೆ ಮಾತ್ರ
ಬಾಗಿಲಲ್ಲೇ ಕ್ಯಾಮೆರಾ ಕಾದಿರುತ್ತದೆ.

ಎಸ್ಟೋನಿಯಾದವಳ ಜೇಬಲ್ಲಿ ಉಣ್ಣೆಯ ಕಾಲುಚೀಲ,
ಮೇಜಿನಡಿ ಯಾರೂ ನೋಡರೆಂಬ ಧೈರ್ಯ.
ಚಿಲಿಯವಳು ಒಂದು ಬೆಳಗ್ಗೆ ಕೆಂಪು ಶಾಲು ಬಿಚ್ಚಿ ಕೊಟ್ಟಳು:
'ಇವತ್ತು ಜೋರು ಮಾಡುವುದಿದೆ,
ಇದನ್ನು ಹೊದ್ದರೆ ಶಾಲಿಗೇ ಸಿಟ್ಟು ಬಂತು ಅಂತಾರೆ.'
ಬೂದು ಶಾಲು ಹೊದ್ದು ಮೆಟ್ಟಿಲು ಹತ್ತಿದಳು.
ಜೋರು ಮಾಡಿದಳೋ ಇಲ್ಲವೋ, ನನಗೆ ಕೇಳಿಸದು.
ಸಂಜೆ ಬಂದವಳೇ ಕೆಂಪು ಶಾಲಿಗೆ
ಮುಖ ಒತ್ತಿ ಕೊಂಚ ಹೊತ್ತು ನಿಂತಿದ್ದಳು.

ನಲವತ್ತೊಂದು ಮ್ವಾಜುಮಾ ಹಮಾದಿಯದು.
ಟಾಂಗಾದ ಕಡಲ ದಂಡೆಯವಳು,
ಮೀನಿನ ಪಾಲು ಕೇಳಲು ಬಂದವಳು.
ಮೊದಲ ವರ್ಷ ಹಳದಿ ಉಟ್ಟು, ತಲೆಗೆ ಹಳದಿಯೇ ಸುತ್ತಿ
ಬಂದಿದ್ದಳು, ಮಧ್ಯಾಹ್ನವೇ ನಡೆದು ಬಂದ ಹಾಗೆ.
ಪತ್ರಿಕೆಯಲ್ಲಿ ತಲೆಯ ಬಟ್ಟೆಗೆ ಹನ್ನೊಂದು ಸಾಲು.
ಮೀನಿಗೆ ಒಂದೂ ಇಲ್ಲ.
ಮರುವರ್ಷದಿಂದ ಬೂದು ಕೋಟು,
ಇಲ್ಲಿನ ಪಾರಿವಾಳದ ಬಣ್ಣ. ಯಾರೂ ತಿರುಗಿ ನೋಡರು.

ಸೋತಳು ಅಂದುಕೊಂಡಿದ್ದೆ ನಾನು.

ಆ ರಾತ್ರಿ ಮೂರು ಗಂಟೆ. ಮೇಲೆ ಇನ್ನೂ ದೀಪ.
ಕಾಲಿನ ಜೋಡು ಕೈಯಲ್ಲಿ ಹಿಡಿದು ಇಳಿದು ಬಂದಳು,
ನನ್ನ ಸ್ಟೂಲಿನ ಮೇಲೆ ಕೂತಳು.
ಕೋಟು ಕೊಡುವಾಗ ಕಂಕುಳ ಬಳಿ ಅಸ್ತರು ಹರಿದಿತ್ತು.
ತಾರೆನ್ನದೆ ಸೂಜಿ ತೆಗೆದು ಒಳಮೈ ಹೊರಳಿಸಿದೆ:
ಅಬ್ಬಾ,
ಕೇಸರಿ, ಕಡುಕೆಂಪು, ಗೇರುಹಣ್ಣು ಗೇರುಹಣ್ಣು,
ಅಂಚಿಗೆ ದಪ್ಪಕ್ಷರದಲ್ಲಿ ಒಂದು ಸಾಲು.

'ಅಮ್ಮನ ಕಾಂಗಾ,' ಅಂದಳು.
'ನೆರೆಯವಳ ಜೊತೆ ಜಗಳವಾದಾಗ ಕೊಂಡದ್ದು.
ಬಾಯಿ ಬಿಡದೆ, ಇದನ್ನುಟ್ಟು
ಅವಳ ಬಾಗಿಲ ಮುಂದೆ ಮೂರು ಸಲ ನೀರಿಗೆ ಹೋದಳಂತೆ.'
ಏನು ಬರೆದಿದೆ?
ಸುತ್ತ ನೋಡಿ, ತಗ್ಗಿದ ದನಿಯಲ್ಲಿ:
'ನಿನ್ನ ಮಾತು ನನ್ನ ಸೊಪ್ಪಿಗೆ ಉಪ್ಪೂ ಅಲ್ಲ.'

ಹನ್ನೆರಡು ದಿನ ಆ ಸಾಲನ್ನು ಬೆನ್ನಿಗೆ ಹೊದ್ದು
ಕೈ ಕುಲುಕಿದ್ದಳು, ನಕ್ಕಿದ್ದಳು,
'ಮಾನ್ಯ ಸಹೋದ್ಯೋಗಿಗಳ ಅಭಿಪ್ರಾಯವನ್ನು ಗೌರವಿಸುತ್ತೇನೆ' ಎಂದಿದ್ದಳು.

ನನ್ನಲ್ಲಿದ್ದದ್ದು ಕರಿ ದಾರ ಒಂದೇ.
'ಇರಲಿ, ಹೊಲಿ,' ಅಂದಳು.
ಹೊಲಿಯುತ್ತ ಹೇಳಿದೆ, ಯಾರಿಗೂ ಹೇಳದ್ದು:
ದ್ರಿನಾ ಸೇತುವೆ ದಾಟುವ ಹಿಂದಿನ ರಾತ್ರಿ
ನನ್ನ ಕೋಟಿನ ಅಂಚಿನೊಳಗೆ ಅಮ್ಮ
ಎರಡು ಉಂಗುರ ಇಟ್ಟು ಹೊಲಿದದ್ದು.
ಸೈನಿಕ ಗುಂಡಿ ಎಣಿಸಿದ, ಜೇಬು ಕೊಡವಿದ.
ಅಂಚಿಗೆ ಅವನ ಕೈ ಹೋಗಲಿಲ್ಲ.
ಒಂದು ಉಂಗುರ ಇಲ್ಲಿ ಬಾಡಿಗೆಯಾಯಿತು.
ಇನ್ನೊಂದು, ನೋಡು, ಬೆರಳಲ್ಲಿದೆ.

ನೋಡಿದಳು. ಏನೂ ಅನ್ನಲಿಲ್ಲ.
ದಾರ ಕಡಿಯಲು ಕತ್ತರಿ ಸಿಗದೆ
ಹಲ್ಲಲ್ಲೇ ಕಡಿದೆ, ರಾಯಭಾರಿಯ ಕೋಟನ್ನು.
ಜೋಡು ಮೆಟ್ಟಿ ಮತ್ತೆ ಮೇಲೆ ಹತ್ತಿದಳು,
ಕೋಟು ತೊಟ್ಟೇ, ಒಳಗೆ ಅಷ್ಟು ಬೆಚ್ಚಗಿದ್ದರೂ.

ಪಾಲು ಸಿಕ್ಕಿತೋ ಇಲ್ಲವೋ ತಿಳಿಯದು,
ಮೀನಿನ ಸುದ್ದಿ ನಮ್ಮ ಟ್ರಾಮಿನವರೆಗೆ ಬರುವುದಿಲ್ಲ.
ಎದುರು ಸೀಟಿನವನ ಪತ್ರಿಕೆಯಲ್ಲಿ ಚಿತ್ರ ಮಾತ್ರ ಬಂದಿತ್ತು.
ಕೆಳಗೆ: 'ಈ ಸಲವೂ ಮಂಕು ಬೂದು. ಬಣ್ಣ ಮರೆತರೇ ರಾಯಭಾರಿ?'

ಮುಂಜಾನೆಯ ಆ ಟ್ರಾಮಿನಲ್ಲಿ
ಒಬ್ಬಳೇ ನಕ್ಕೆ.
ಅವನು ಪತ್ರಿಕೆ ಇಳಿಸಿ ದುರುಗುಟ್ಟಿದ.
ಉಪ್ಪೂ ಅಲ್ಲ, ಅಂದೆ,
ನಮ್ಮ ಬೋಸ್ನಿಯಾದ ಮಾತಿನಲ್ಲಿ.